ಹೊಳೆಯ ಈಜು ಬಲ್ಲವರು ಕಡಲಿಗೆ ಹೋಗುವಾಗ

ನಾನು ಈಜು ಕಲಿತದ್ದು ಬಾಗಲಕೋಟೆ ಕಡೆಯ ಮಲಪ್ರಭೆಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ನಮ್ಮ ಕಾಕಾನ ಮಗ ನನಗಿಂತ ಗಟ್ಟಿ ಈಜುಗಾರ. ತುಂಬಿದ ಹೊಳೆಯನ್ನು ಆ ದಂಡೆಗೆ ದಾಟಿ ವಾಪಸ್ ಬರುತ್ತಿದ್ದ. ಅದೇ ಧೈರ್ಯದಲ್ಲಿ ಗೋವಾದಲ್ಲಿ ಕಡಲಿಗೆ ಇಳಿದ. ಸ್ವಲ್ಪ ಹೊತ್ತಿಗೇ ಅವನ ತಲೆ ತೆಂಗಿನಕಾಯಿಯಷ್ಟು ಕಾಣತೊಡಗಿತು. ಕಾವಲಿನ ಹುಡುಗರು ಹೋಗಿ ಎಳೆದು ತಂದರು. ಮರಳ ಮೇಲೆ ಕೂತು ಅವನು ಹೇಳಿದ್ದು ಒಂದೇ ಮಾತು: ‘ಅಣ್ಣಾ, ಎಷ್ಟು ಕೈ ಹಾಕಿದ್ರೂ ದಂಡಿ ಹತ್ರ ಬರಲಿಲ್ಲೋ.’

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಿಂದ ವರ್ಷವರ್ಷವೂ ಜನ ಟೆಂಪೊ ಮಾಡಿಕೊಂಡು ಗೋವಾಕ್ಕೆ ಹೋಗುತ್ತಾರೆ. ನೀವೂ ಹೊರಟಿದ್ದರೆ ಇದನ್ನು ಓದಿಕೊಂಡು ಹೋಗಿ.

ಯಾವಾಗ ಹೋಗಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಳೆಗಾಲದ ಕಡಲಲ್ಲಿ ಈಜುವಂತಿಲ್ಲ, ಘಾಟಿನಲ್ಲಿ ಮಣ್ಣು ಕುಸಿಯುವ ಭಯ ಬೇರೆ. ಕ್ರಿಸ್‌ಮಸ್, ಹೊಸ ವರ್ಷದ ಸಮಯದಲ್ಲಿ ರೂಮಿನ ಬಾಡಿಗೆ ಜಾಸ್ತಿ. ಸಂಕ್ರಾಂತಿಗೆ ಹೊಳೆಯ ಸ್ನಾನ ಮುಗಿಸಿ, ಆಮೇಲೆ ಹೋಗುವುದು ಒಳ್ಳೆಯದು. ಹವೆ ಹಿತವಾಗಿರುತ್ತದೆ.

ದಾರಿ

ಬೆಳಗಾವಿಯಿಂದ ಪಣಜಿಗೆ ವಾಯವ್ಯ ಸಾರಿಗೆಯ ಬಸ್ಸೂ ಇದೆ, ಗೋವಾದ ಕದಂಬ ಬಸ್ಸೂ ಇದೆ. ಹೊರರಾಜ್ಯಕ್ಕೆ ಹೋಗುವ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ನಡೆಯುವುದಿಲ್ಲ. ಹೆಣ್ಣುಮಕ್ಕಳು ಟಿಕೆಟಿನ ದುಡ್ಡು ಇಟ್ಟುಕೊಂಡೇ ಹೊರಡಿ. ರೈಲು ಬೇಕೆನ್ನುವವರಿಗೆ ಗೋವಾ ಎಕ್ಸ್‌ಪ್ರೆಸ್ ಬೆಳಗಾವಿ, ಲೋಂಡಾ ಮೇಲೆ ಮಡಗಾಂವ್‌ಗೆ ಹೋಗುತ್ತದೆ. ಕ್ಯಾಸಲ್‌ರಾಕ್ ದಾಟಿದ ಮೇಲೆ ದೂಧಸಾಗರ ಜಲಪಾತದ ಮಗ್ಗುಲಿಂದಲೇ ಹಳಿ ಇದೆ.

ಸ್ವಂತ ಗಾಡಿ ಇದ್ದವರು ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ದಾರಿ ಹಿಡಿಯಿರಿ. ಬೆಳಗಾವಿಯಿಂದ ಮೂರರಿಂದ ನಾಲ್ಕು ತಾಸು ಬೇಕು. ಕತ್ತಲಾದ ಮೇಲೆ ಈ ಘಾಟ್ ಇಳಿಯಬೇಡಿ, ತಿರುವು ಬಹಳ. ವಿಜಯಪುರದವರು ರಾತ್ರಿಯೇ ಬಿಟ್ಟರೆ ಬೆಳಗಾವಿಯಲ್ಲಿ ಚಹಾ ಕುಡಿದು, ಬೆಳಕು ಹರಿದ ಮೇಲೆ ಘಾಟ್ ಇಳಿಯಬಹುದು. ಒಂದು ರಾತ್ರಿ ಉಳಿಯುವ ಹಾಗೆ ಹೋಗಿ. ರಾತ್ರಿಯಿಡೀ ಕೂತು ಬಂದ ದಣಿವಿನಲ್ಲೇ ನೀರಿಗೆ ಇಳಿಯುವುದು ಬೇಡ.

ಬುತ್ತಿ, ಬಟ್ಟೆ, ಬಂಗಾರ

ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಕಟ್ಟಿಕೊಳ್ಳಿ. ಕಡಲ ಗಾಳಿಗೆ ರೊಟ್ಟಿ ಬೇಗ ಮೆತ್ತಗಾಗುತ್ತದೆ, ಡಬ್ಬಿಯ ಮುಚ್ಚಳ ಗಟ್ಟಿ ಇರಲಿ. ಒಲೆ, ಸಿಲಿಂಡರ್ ಮಾತ್ರ ದಂಡೆಗೆ ಒಯ್ಯಬೇಡಿ. ಅಲ್ಲಿ ಅಡುಗೆ ಮಾಡಿದರೂ ದಂಡ, ಕುಡಿದರೂ ದಂಡ. ಬಾಡಿಗೆ ಬೈಕ್ ತೆಗೆದುಕೊಂಡರೆ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇದೆಯೇ ನೋಡಿ. ಬಿಳಿ ಪ್ಲೇಟಿನ ಖಾಸಗಿ ಗಾಡಿಯನ್ನು ಬಾಡಿಗೆಗೆ ಕೊಡುವಂತಿಲ್ಲ.

ಸೀರೆ, ಧೋತರ ನೆನೆದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಅವ್ವನೋ ಅತ್ತೆಯೋ ಸೀರೆಯಲ್ಲೇ ಇಳಿಯುತ್ತೇನೆಂದರೆ ಪಾದ ಮುಳುಗುವಷ್ಟೇ ಸಾಕು, ಕೈ ಹಿಡಿದು ನಿಲ್ಲಿ. ತೆರೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದೊಯ್ಯುತ್ತದೆ. ವಯಸ್ಸಾದವರು ಬೀಳುವುದು ಆಗಲೇ. ಬಂಗಾರ ಮನೆಯಲ್ಲೇ ಇರಲಿ.

ನಮ್ಮದು ಒಣ ಬಿಸಿಲು, ಅಲ್ಲಿಯದು ಹಸಿ ಧಗೆ. ಬೆವರು ಆರುವುದಿಲ್ಲ. ಬಾಯಾರದಿದ್ದರೂ ನೀರು, ಮಜ್ಜಿಗೆ ಕುಡಿಯುತ್ತಿರಿ.

ನೀರಿಗೆ ಇಳಿಯುವ ಮುಂಚೆ

ಇದನ್ನು ಮನೆಮಂದಿಗೆಲ್ಲ ಓದಿ ಹೇಳಿ. ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ. ಸುಳಿ ಎಲ್ಲಿ, ಮಡು ಎಲ್ಲಿ ಅಂತ ಊರವರಿಗೆ ಗೊತ್ತಿರುತ್ತದೆ. ಕಡಲು ಹಾಗಲ್ಲ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಇನ್ನೂ ಜಾಸ್ತಿ. ನಿನ್ನೆ ಮೊಣಕಾಲುದ್ದ ಇದ್ದ ಜಾಗದಲ್ಲಿ ಇವತ್ತು ಎದೆಯುದ್ದ ಇರಬಹುದು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ತೆರೆಗಳು ದಂಡೆಗೆ ತಂದು ಸುರಿದ ನೀರು ವಾಪಸ್ ಹೋಗಬೇಕಲ್ವಾ? ಅದು ಒಂದು ಕಡೆ ಕೂಡಿ, ಕಾಲುವೆಯ ಹಾಗೆ ದಾರಿ ಮಾಡಿಕೊಂಡು ಒಳಗೆ ನುಗ್ಗುತ್ತದೆ. ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ಮುಟ್ಟುತ್ತದೆ. ಒಲಿಂಪಿಕ್ಸ್ ಈಜುಗಾರರಿಗೂ ಅದನ್ನು ಎದುರಿಸಿ ಈಜಲು ಆಗುವುದಿಲ್ಲ. ಮೋಸ ಏನೆಂದರೆ, ಆ ಜಾಗದಲ್ಲಿ ತೆರೆ ಒಡೆಯುವುದು ಕಡಿಮೆ. ಎರಡೂ ಕಡೆ ಬಿಳಿ ನೊರೆ, ನಡುವೆ ಸ್ವಲ್ಪ ಕಪ್ಪಗೆ, ಸುಮ್ನೆ ಮಲಗಿದ ಹಾಗೆ ಕಾಣುವ ನೀರು. ಇಲ್ಲಿ ಶಾಂತ ಇದೆ ಅಂತ ಜನ ಮಕ್ಕಳನ್ನು ಅಲ್ಲೇ ಇಳಿಸುತ್ತಾರೆ. ನಮ್ಮ ಹುಡುಗ ಇಳಿದದ್ದೂ ಅಂಥ ಜಾಗದಲ್ಲೇ.

ಹಾಗಾಗಿ ದಂಡೆಗೆ ಹೋದ ಕೂಡಲೇ ಬಟ್ಟೆ ಬಿಚ್ಚಬೇಡಿ. ಹತ್ತು ನಿಮಿಷ ನಿಂತು ನೀರು ನೋಡಿ. ಆಮೇಲೆ ಬಾವುಟ ಹುಡುಕಿ. ಅರ್ಧ ಕೆಂಪು, ಅರ್ಧ ಹಳದಿ ಇರುವ ಎರಡು ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಬರೀ ಕೆಂಪು ಇದ್ದಲ್ಲಿ ಬೇಡವೇ ಬೇಡ. ಕಾವಲಿನವರು ಸೀಟಿ ಊದಿದರೆ ವಾದಿಸದೆ ಹೊರಗೆ ಬನ್ನಿ. ಸೊಂಟದ ಮಟ್ಟ ದಾಟಬೇಡಿ, ಕಡಲಿಗೆ ಬೆನ್ನು ತೋರಿಸಿ ನಿಲ್ಲಬೇಡಿ. ಒಂದು ಗುಟುಕು ಹಾಕಿದವರು ಆ ದಿನ ನೀರಿಗೆ ಇಳಿಯಲೇಬಾರದು. ಹೊತ್ತು ಮುಳುಗಿದ ಮೇಲೆ ಯಾರೂ ಬೇಡ.

ಎಳೆದೊಯ್ದರೆ ಏನು ಮಾಡಬೇಕು

ದಂಡೆಯ ಕಡೆಗೆ ಈಜಬೇಡಿ. ಕೇಳಲು ವಿಚಿತ್ರ ಎನಿಸುತ್ತದೆ, ಆದರೆ ಜೀವ ಉಳಿಸುವುದು ಇದೇ. ಆ ಸೆಳೆತ ನಿಮ್ಮನ್ನು ಕೆಳಗೆ ಎಳೆಯುವುದಿಲ್ಲ, ದೂರ ಒಯ್ಯುತ್ತದೆ ಅಷ್ಟೇ. ಅಂಗಾತ ಮಲಗಿ ತೇಲಿ. ಉಪ್ಪುನೀರು ಹೊಳೆ ನೀರಿಗಿಂತ ಚೆನ್ನಾಗಿ ಎತ್ತಿ ಹಿಡಿಯುತ್ತದೆ. ಒಂದು ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಂಡೆಯ ಉದ್ದಕ್ಕೆ, ಎಡಕ್ಕೋ ಬಲಕ್ಕೋ ಈಜಿ. ಸೆಳೆತ ಬಿಟ್ಟ ಮೇಲೆ ತೆರೆಗಳ ಜೊತೆ ಓರೆಯಾಗಿ ದಂಡೆಗೆ ಬನ್ನಿ.

ಮುಳುಗುತ್ತಿರುವವರ ಹಿಂದೆ ನೀವು ಹಾರಬೇಡಿ. ನಮ್ಮ ಹೊಳೆ, ಕೆರೆಗಳಲ್ಲೂ ಒಬ್ಬನನ್ನು ಉಳಿಸಲು ಹೋಗಿ ಮನೆಯ ಮೂವರು ಹೋದ ಸುದ್ದಿ ಓದುತ್ತಲೇ ಇರುತ್ತೇವೆ. ಕಾವಲಿನವರನ್ನು ಕೂಗಿ ಕರೆಯಿರಿ, ಖಾಲಿ ಕ್ಯಾನ್ ಮುಚ್ಚಳ ಬಿಗಿದು ಎಸೆಯಿರಿ, 112ಕ್ಕೆ ಫೋನ್ ಮಾಡಿ.

ವಾಪಸ್ ಬರುವಾಗ

ಬೆಳಿಗ್ಗೆ ನೀರಾಟ ಮುಗಿಸಿ, ಸಿಹಿನೀರಿನಲ್ಲಿ ಮೈ ತೊಳೆದು, ಮಧ್ಯಾಹ್ನ ಊಟ ಆದ ಕೂಡಲೇ ಹೊರಡಿ. ಹಾಗಾದರೆ ಬೆಳಕಿದ್ದಾಗಲೇ ಕಣಕುಂಬಿ ಸಿಗುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ. ಮಲಪ್ರಭೆ ಹುಟ್ಟುವುದು ಇಲ್ಲೇ. ಇದೇ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಪಡುವಣಕ್ಕೆ ಇಳಿದು, ಮಾಂಡವಿ ಅನ್ನಿಸಿಕೊಂಡು, ಪಣಜಿಯಲ್ಲಿ ಕಡಲು ಸೇರುತ್ತದೆ. ಮಲಪ್ರಭೆ ಮಾತ್ರ ಇಷ್ಟು ಹತ್ತಿರದ ಕಡಲಿಗೆ ಬೆನ್ನು ಮಾಡಿ, ಸುಮಾರು 300 ಕಿಲೊಮೀಟರ್ ಮೂಡಲಿಗೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ.

ಹಿಂದಿನ ಸಲ ಅವ್ವನನ್ನು ಅಲ್ಲಿ ಇಳಿಸಿದ್ದೆ. ಬೊಗಸೆ ನೀರು ತಲೆಗೆ ಹಾಕಿಕೊಂಡು, ‘ತಮ್ಮಾ, ನಮ್ಮ ಹೊಳಿ ಇಲ್ಲಿಂದ ನಮ್ಮೂರಿಗೆ ಬರತೈತೇನೋ?’ ಎಂದಳು. ಹೌದವ್ವಾ ಅಂದೆ. ಇನ್ನೊಂದು ಬೊಗಸೆ ತುಂಬಿ ಕುಡಿದಳು.