ಗುಳ್ಳೆಗಿಂತ ಮೊದಲು ಕಡ್ಡಿ ನೋಡಿ

ಒಣ ಕಡ್ಡಿಯ ಮೇಲೆ ಸಾಸಿವೆ ಗಾತ್ರದ, ಶಿಲೀಂಧ್ರದ ಕಪ್ಪು ಗುಳ್ಳೆ ಕಂಡು ಅದರ ಹೆಸರು ಪತ್ತೆ ಮಾಡಬೇಕಿದ್ದರೆ, ಕಡ್ಡಿ ಯಾವ ಮರದ್ದೆಂದು ಮೊದಲು ಖಚಿತ ಮಾಡಿಕೊಳ್ಳಿ. ಕಾಫಿ ತೋಟದಲ್ಲಿ ಇದು ಸುಲಭವಲ್ಲ. ಸಿಲ್ವರ್ ಓಕ್, ಹಾಲುವಾಣ, ಹಲಸು, ಅತ್ತಿ ಎಲ್ಲದರ ಕಡ್ಡಿಯೂ ಒಂದೇ ಕಡೆ ಉದುರಿರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡಿ ಬಿಟ್ಟ ಕೊಂಬೆಗಳಾದರೆ ಕಸಿ ಮಾಡಿದವರನ್ನೇ ಕೇಳಬಹುದು. ಇಲ್ಲವೇ ಮರಕ್ಕೇ ಅಂಟಿಕೊಂಡಿರುವ ಒಣ ಕೊಂಬೆ ಮುರಿಯಿರಿ. ತೊಗಟೆಯಿರುವ ತುಂಡು, ಅದೇ ಮರದ ಒಂದೆರಡು ಎಲೆ ಕಾಗದದ ಕವರಿಗೆ ಹಾಕಿ. ಮಳೆಗಾಲದಲ್ಲಿ ಪ್ಲಾಸ್ಟಿಕ್‌ಗೆ ಹಾಕಿದರೆ ಬೂಷ್ಟು ಬೆಳೆದು ಮಾದರಿ ಹಾಳು. ದಿನಾಂಕ, ಊರು, ಮರ, ಗುಳ್ಳೆ ತೊಗಟೆಯ ಮೇಲಿತ್ತೋ ತೊಗಟೆ ಕಳಚಿದ ಕಟ್ಟಿಗೆಯ ಮೇಲಿತ್ತೋ, ಇಷ್ಟನ್ನೂ ಪೆನ್ಸಿಲ್‌ನಲ್ಲಿ ಬರೆಯಿರಿ. ಮರ ಗೊತ್ತಾಗದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಿರಿ.

ಹೊಸ ಬ್ಲೇಡಿನಿಂದ ಗುಳ್ಳೆಯನ್ನು ಮೇಲಿಂದ ಕೆಳಕ್ಕೆ ಸೀಳಿ, ಹತ್ತು ಪಟ್ಟಿನ ಲೆನ್ಸ್ ಹಿಡಿಯಿರಿ. ಹೈಪಾಕ್ಸಿಲಾನ್ ಎಂಬ ಶಿಲೀಂಧ್ರ ಕುಲದ ಬಗೆಯದಾದರೆ ಕಪ್ಪು ಗೋಡೆಯ ಪುಟ್ಟ ಮಡಕೆಗಳು ಸಾಲಾಗಿ ಕಾಣುತ್ತವೆ. ಒಂದು ಮಡಕೆಯ ತಿರುಳನ್ನು ಸೂಜಿ ಮೊನೆಯಲ್ಲಿ ತೆಗೆದು ನೀರಿನ ಹನಿಗೆ ಹಾಕಿ. ಬೀಜಕಗಳ (ಶಿಲೀಂಧ್ರದ ಬೀಜದಂಥ ಕಣಗಳು) ಅಳತೆ ನೀರಿನಲ್ಲೇ ಆಗಲಿ. ಪೊಟ್ಯಾಶ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿ ಬೀಜಕ ಉಬ್ಬಬಹುದು, ಕೆಲವು ಪ್ರಭೇದಗಳಲ್ಲಿ ಹೊರಪದರವೂ ಕಳಚುತ್ತದೆ. ಸೂಕ್ಷ್ಮದರ್ಶಕದ 1000 ಪಟ್ಟಿನಲ್ಲಿ, ಎಣ್ಣೆ ಹಾಕಿ, ಬೀಜಕ ಬಲಿಯುವ ಪುಟ್ಟ ಚೀಲದಿಂದ ಹೊರಬಿದ್ದ 20ರಿಂದ 30 ಬೀಜಕ ಅಳೆಯಿರಿ. ಚೀಲದೊಳಗಿನ ತಿಳಿ ಬಣ್ಣದವು ಬಲಿತಿರುವುದಿಲ್ಲ. ಅವನ್ನೂ ಸೇರಿಸಿಕೊಂಡರೆ ಸರಾಸರಿ ತಗ್ಗಿ ಬೇರೆ ಪ್ರಭೇದಕ್ಕೆ ಹೋಗಿ ಮುಟ್ಟುತ್ತೀರಿ.

ಬಣ್ಣದ ಪರೀಕ್ಷೆಗೆ ಗುಳ್ಳೆಯ ಒಂದು ಚೂರನ್ನು ಬಿಳಿ ಟೈಲ್ಸ್ ಮೇಲಿಟ್ಟು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಡಿ (ಕೈಗವಸು ಬೇಕು, ಚರ್ಮ ಸುಡುತ್ತದೆ). ಕಿತ್ತಳೆ, ಹಸಿರು, ನೇರಳೆ, ಯಾವ ಬಣ್ಣ ಬಿಟ್ಟಿತೆಂದು ಒಂದು ನಿಮಿಷದೊಳಗೆ ಬರೆದುಕೊಳ್ಳಿ. ಮಳೆ ಬಿಸಿಲಿಗೆ ಸವೆದ ಹಳೆಯ ಗುಳ್ಳೆ ಏನೂ ಬಿಡದಿರಬಹುದು; ಅದನ್ನು ‘ಬಣ್ಣವಿಲ್ಲ’ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಇಷ್ಟಾದ ಮೇಲೆ ಹೋಲಿಸಲು ಶಿಲೀಂಧ್ರ ಪ್ರಭೇದಗಳ ಪ್ರಕಟಿತ ವಿವರಣೆ ತೆರೆಯಿರಿ. ಬಹುಪಾಲು ಎಡವುವುದು ಇಲ್ಲೇ. ಡಾಲ್ಡಿನಿಯಾ ಕಾನ್ಸೆಂಟ್ರಿಕಾ ಎಂಬ ಶಿಲೀಂಧ್ರದ ಹೆಸರು ನಮ್ಮ ಹಳೆಯ ಪಟ್ಟಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈಗಿನ ತಿಳಿವಳಿಕೆಯಂತೆ ಅದು ಹೆಚ್ಚಾಗಿ ಯುರೋಪಿನ ಆ್ಯಶ್ ಮರದ್ದು. ಉಷ್ಣವಲಯದಲ್ಲಿ ಸಾಮಾನ್ಯವಾಗಿ ಸಿಗುವುದು ಡಾಲ್ಡಿನಿಯಾ ಎಶ್‌ಶೋಲ್ಟ್ಸಿಯೈ. ಹೈಪಾಕ್ಸಿಲಾನ್ ಫ್ರಾಜಿಫಾರ್ಮೆ ಬೀಚ್ ಮರದ್ದು. ಹಲಸಿನ ಕೊಂಬೆಯ ಕೆಂಗಂದು ಉಂಡೆಗೆ, ಚಿತ್ರ ಹೋಲುತ್ತದೆಂದು, ಆ ಹೆಸರು ಕಟ್ಟಬೇಡಿ. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರವಾದ್ದರಿಂದ ಅಲ್ಲಿನ ಪಟ್ಟಿಗಳನ್ನೂ ನೋಡುವುದು ಒಳ್ಳೆಯದು. ಅದೇ ಸ್ಕಿಜೋಫಿಲಮ್ ಕಮ್ಯೂನೆ ಎಂಬ ಅಣಬೆಗೆ ಯಾವ ಮರವಾದರೂ ಸರಿ, ಅಲ್ಲಿ ಮರದ ಸಾಕ್ಷಿ ಕೆಲಸಕ್ಕೆ ಬರುವುದಿಲ್ಲ.

ಹಳೆಯ ಹೆಸರು ಈಗಲೂ ಊರ್ಜಿತವೇ ಎಂದು ಇಂಡೆಕ್ಸ್ ಫಂಗೋರಂ ಅಥವಾ ಮೈಕೋಬ್ಯಾಂಕ್ ಎಂಬ ಶಿಲೀಂಧ್ರ ಹೆಸರುಗಳ ಜಾಲತಾಣದಲ್ಲಿ ನೋಡಿ. ಬೀಜಕ, ಬಣ್ಣ ಎರಡೂ ಹೊಂದಿ ಮರ ಮಾತ್ರ ಬೇರೆಯಾದರೆ ಆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ. ಮರ ಹೊಂದಿ ಬೀಜಕ ಹೊಂದದಿದ್ದರೆ ಪ್ರಭೇದದ ಹೆಸರು ಬಿಟ್ಟು ಕುಲದಲ್ಲೇ ನಿಲ್ಲಿಸಿ, ಮಾದರಿಯನ್ನು 40 ಡಿಗ್ರಿ ಮೀರದ ಶಾಖದಲ್ಲಿ ಒಣಗಿಸಿ ಎತ್ತಿಡಿ.