‘ಡೆಫಿನೆಟ್ಲಿ’ ಸ್ಪೆಲ್ಲಿಂಗ್ ತಪ್ಪದೆ ಬರೆಯುವುದು ಹೇಗೆ?

ದಾವಣಗೆರೆಯಲ್ಲಿ ‘ಡೆಫಿನೆಟ್ಲಿ ಬರ್ತೀನ್ರೀ’ ಎನ್ನುವವರಿಗೆ ಬರವಿಲ್ಲ. ಮದುವೆಗೆ ಕರೆದರೂ ಇದೇ ಉತ್ತರ, ಸಾಲ ವಾಪಸ್ ಕೊಡೋಕೆ ಯಾವಾಗ ಬರ್ತೀಯಾ ಎಂದರೂ ಇದೇ. ಬಾಯಲ್ಲಿ ಸಲೀಸಾಗಿ ಬರುವ ಈ ಪದ, ಬರೆಯಲು ಕೂತರೆ ಮಾತ್ರ ಕೈ ಕೊಡುತ್ತದೆ. ವಿದ್ಯಾನಗರದ ಪಿಜಿಯಲ್ಲಿ ಕೂತು ಕೆಲಸಕ್ಕೆ ಅರ್ಜಿ ಟೈಪ್ ಮಾಡುವ ಹುಡುಗರನ್ನು ಕೇಳಿ ನೋಡಿ. ಎಡವುವುದು ನಡುವಿನ ಒಂದೇ ಅಕ್ಷರದಲ್ಲಿ. ‘ಐ’ ಇರಬೇಕಾದ ಕಡೆ ‘ಎ’ ಬಂದು ಕೂರುತ್ತದೆ.

ಮೊದಲು ಸರಿಯಾದ ರೂಪ ನೋಡಿಬಿಡೋಣ: ಡಿ-ಇ-ಎಫ್-ಐ-ಎನ್-ಐ-ಟಿ-ಇ-ಎಲ್-ವೈ. ಒಟ್ಟು 10 ಅಕ್ಷರ. ‘ಎ’ ಎಲ್ಲೂ ಇಲ್ಲ.

ತಪ್ಪಾಗುವುದು ದಡ್ಡತನದಿಂದಲ್ಲ. ಇಂಗ್ಲಿಷಿನವರು ಪದದ ಮೊದಲ ಭಾಗವನ್ನು ಒತ್ತಿ ಹೇಳಿ ನಡುವಿನದನ್ನು ನುಂಗುತ್ತಾರೆ. ಅಲ್ಲಿರುವ ಸ್ವರ ಯಾವುದೆಂದು ಕಿವಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಇಂಗ್ಲಿಷನ್ನೇ ಮಾತಾಡಿ ಬೆಳೆದವರೂ ಇಲ್ಲಿ ತಪ್ಪುತ್ತಾರೆ. ಹೇಳಿದ ಹಾಗೆ ಬರೆದು ರೂಢಿಯಾದ ನಮಗಂತೂ ಇನ್ನೂ ಕಿರಿಕಿರಿ. ಸಾಲದ್ದಕ್ಕೆ ‘ಫಾರ್ಚುನೇಟ್ಲಿ’, ‘ಸಪರೇಟ್ಲಿ’ಗಳಲ್ಲಿ ನಿಜಕ್ಕೂ ‘ಎ’ ಇದೆ. ಕೈ ಅದೇ ದಾರಿ ಹಿಡಿಯುತ್ತದೆ.

ಆದ್ದರಿಂದ ಈ ಪದವನ್ನು ಬಿಟ್ಟು ಇದರ ನೆಂಟರನ್ನು ಕೇಳಿ. ‘ಡೆಫಿನಿಷನ್’ ಎಂದು ಗಟ್ಟಿಯಾಗಿ ಹೇಳಿ. ಒತ್ತು ‘ನಿ’ ಮೇಲೆ ಬೀಳುತ್ತದೆ, ‘ಐ’ ಸರಿಯಾಗಿ ಕೇಳಿಸುತ್ತದೆ, ಅಲ್ವಾ? ಗಣಿತದ ಕ್ಲಾಸಿನ ‘ಇನ್‌ಫಿನಿಟಿ’ಯಲ್ಲಿ ಒತ್ತು ‘ಫಿ’ ಮೇಲೆ ಬಿದ್ದರೂ, ಬರೆಯುವಾಗ ‘ಎನ್’ ಆದಮೇಲೆ ‘ಐ’ಯೇ. ಇನ್ನು ಬರೆಯುವಾಗ ಮೂರು ತುಂಡು ಮಾಡಿ: ಮೊದಲು ‘ಡಿ-ಇ’, ಆಮೇಲೆ ‘ಫೈನೈಟ್’, ಕೊನೆಗೆ ‘ಎಲ್-ವೈ’. ‘ಫೈನೈಟ್’ನ ಕೊನೆಯ ‘ಇ’ ಬಿಡಬೇಡಿ. ‘ಟ್ರೂ’ಗೆ ‘ಎಲ್-ವೈ’ ಸೇರಿದರೆ ‘ಇ’ ಬಿದ್ದುಹೋಗುತ್ತದೆ. ಇಲ್ಲಿ ಉಳಿಯುತ್ತದೆ.

ಮೂಲ ತಿಳಿದರೆ ಮರೆಯುವುದು ಇನ್ನೂ ಕಷ್ಟ. ಲ್ಯಾಟಿನ್‌ನಲ್ಲಿ ‘ಫೀನಿಸ್’ ಎಂದರೆ ಗಡಿ, ಕೊನೆ. ‘ಡೆಫಿನೀರೆ’ ಎಂದರೆ ಗಡಿ ಗುರುತು ಮಾಡುವುದು. 1997ರಲ್ಲಿ ಚಿತ್ರದುರ್ಗದಿಂದ ದಾವಣಗೆರೆಯನ್ನು ಬೇರೆ ಮಾಡಿ, ಶಿವಮೊಗ್ಗದ ಹೊನ್ನಾಳಿ, ಚನ್ನಗಿರಿಗಳನ್ನು ತಂದು ಸೇರಿಸಿ ಹೊಸ ಗೆರೆ ಎಳೆದರಲ್ಲ, ಅಂಥ ಕೆಲಸ. ಗೆರೆ ಬಿದ್ದ ಮೇಲೆ ಅನುಮಾನಕ್ಕೆ ಜಾಗವಿಲ್ಲ. ಈ ಅರ್ಥದ ‘ಡೆಫಿನಿಟ್’ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಬಾಲದ ‘ಲಿ’ ಮಾತ್ರ ಲ್ಯಾಟಿನ್ ಅಲ್ಲ, ಹಳೆಯ ಇಂಗ್ಲಿಷಿನದು. ನಮ್ಮ ‘ಖಚಿತವಾಗಿ’ಯಲ್ಲಿ ‘ಆಗಿ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ‘ಫೈನಲ್’, ‘ಫಿನಿಶ್’ ಎಲ್ಲ ‘ಫೀನಿಸ್’ನ ವಂಶವೇ. ಹೆಲ್ಮೆಟ್ ಇಲ್ಲದೆ ಜಯದೇವ ಸರ್ಕಲ್‌ನಲ್ಲಿ ಸಿಕ್ಕಿಬಿದ್ದರೆ ಕಟ್ಟುವ ‘ಫೈನ್’ ಕೂಡ. ದುಡ್ಡು ಕೊಟ್ಟು ವ್ಯವಹಾರ ಮುಗಿಸುವುದು ಅಂತ ಅದರ ಹಿಂದಿನ ಅರ್ಥ. ಅಂದಹಾಗೆ, ನಮ್ಮ ‘ಖಂಡಿತ’ಕ್ಕೆ ಸಂಸ್ಕೃತದಲ್ಲಿ ತುಂಡಾದದ್ದು ಎಂಬ ಅರ್ಥ. ಅವರು ಗೆರೆ ಎಳೆದು ಹೇಳುತ್ತಾರೆ, ನಾವು ಕಡ್ಡಿ ತುಂಡು ಮಾಡಿದ ಹಾಗೆ.

ವಾಕ್ಯದಲ್ಲಿ ಎಲ್ಲಿಡುವುದು? ‘ಐ ವಿಲ್ ಡೆಫಿನೆಟ್ಲಿ ಕಮ್’, ಇದು ಸುಲಭ. ‘ನಾಟ್’ ಬಂದಾಗ ಹುಷಾರು. ‘ಡೆಫಿನೆಟ್ಲಿ ನಾಟ್ ಕಮಿಂಗ್’ ಎಂದರೆ ಬರುವುದೇ ಇಲ್ಲ. ‘ನಾಟ್ ಡೆಫಿನೆಟ್ಲಿ ಕಮಿಂಗ್’ ಎಂದರೆ ಬಂದರೂ ಬರಬಹುದು. ಮದುವೆ ಮನೆಯಲ್ಲಿ ಊಟದ ಎಲೆ ಲೆಕ್ಕ ಹಾಕುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಕೊನೆಯ ಕೆಲಸ, ಫೋನನ್ನು ನಂಬದಿರುವುದು. ತಪ್ಪಾಗಿ ಟೈಪ್ ಮಾಡಿದರೆ ಅದು ಒಮ್ಮೊಮ್ಮೆ ‘ಡಿಫಯಂಟ್ಲಿ’ ಎಂದು ತಿದ್ದಿಬಿಡುತ್ತದೆ. ಅದರ ಅರ್ಥ ಸೆಡ್ಡು ಹೊಡೆದು! ‘ಇಂಟರ್‌ವ್ಯೂಗೆ ಖಂಡಿತ ಬರುತ್ತೇನೆ’ ಎನ್ನಲು ಹೋಗಿ ‘ಸೆಡ್ಡು ಹೊಡೆದು ಬರುತ್ತೇನೆ’ ಎಂದಾಗುತ್ತದೆ. ಅದೂ ಇಂಗ್ಲಿಷ್ ಪದವೇ ಆದ್ದರಿಂದ ಅಡಿಯಲ್ಲಿ ಕೆಂಪು ಗೆರೆಯೂ ಮೂಡುವುದಿಲ್ಲ. ಕಳಿಸುವ ಮುಂಚೆ ‘ಎಫ್-ಐ’ ಆದಮೇಲೆ ಏನಿದೆ ನೋಡಿ. ‘ಎನ್’ ಇದ್ದರೆ ಕಳಿಸಿ, ‘ಎ’ ಇದ್ದರೆ ಅಳಿಸಿ.