ಕಡಿಮೆ ಹಣದಲ್ಲಿ ಕಟ್ಟಿದ ರಂಗಸಜ್ಜಿಕೆ: ನನ್ನ ಅನುಭವ

ಒಂದೇ ಮನೆಯೊಳಗೆ ನಡೆಯುವ ನಾಟಕವೊಂದಕ್ಕೆ ರಂಗಸಜ್ಜಿಕೆ ಮಾಡಿಕೊಡುವ ಹೊಣೆ ನನ್ನ ಪಾಲಿಗೆ ಬಂದಾಗ, ತಂಡದ ಕೈಯಲ್ಲಿದ್ದ ಹಣ ಮರಕ್ಕೇ ಸಾಲುವಂತಿರಲಿಲ್ಲ. ಹಾಗಾಗಿ ಮೊದಲು ನಾಟಕವನ್ನು ಮತ್ತೆ ಮತ್ತೆ ಓದಿ, ಪಾತ್ರಗಳು ಎಲ್ಲಿಂದ ಬರುತ್ತವೆ, ಏನನ್ನು ಹತ್ತುತ್ತವೆ, ಯಾವುದಕ್ಕೆ ಒರಗುತ್ತವೆ, ಯಾವುದನ್ನು ಮುಟ್ಟುವುದೇ ಇಲ್ಲ ಎಂಬುದನ್ನು ಗುರುತು ಹಾಕಿಕೊಂಡೆ. ನಟರ ಮೈಭಾರ ಬೀಳುವ ಜಾಗಕ್ಕೆ ಒಳ್ಳೆಯ ಮರ, ಉಳಿದೆಡೆ ಬಟ್ಟೆ ಮತ್ತು ಬಣ್ಣ ಎಂದು ನಿರ್ಧರಿಸಿದೆ.

ನಂತರ 1:25ರ ಅಳತೆಯಲ್ಲಿ ರಟ್ಟಿನ ಮಾದರಿ ಮಾಡಿ, ಅದೇ ನಕ್ಷೆಯನ್ನು ತಾಲೀಮಿನ ನೆಲದ ಮೇಲೆ ಟೇಪ್ ಅಂಟಿಸಿ ಬಿಡಿಸಿದೆವು. ರಂಗಮಂದಿರದ ಮೊದಲ ಸಾಲಿನ ಎರಡೂ ತುದಿಯ ಕುರ್ಚಿಗಳಲ್ಲಿ ಕುಳಿತು ನೋಡಿದಾಗ, ಒಳಕೋಣೆಯ ಬಾಗಿಲಾಚೆ ಒಂದು ಫ್ಲಾಟಿಗಿಂತ (ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಗೋಡೆಯ ತುಂಡು) ಹೆಚ್ಚು ಯಾರಿಗೂ ಕಾಣದೆಂದು ತಿಳಿಯಿತು. ಅಲ್ಲಿ ಕಟ್ಟಬೇಕೆಂದಿದ್ದ ಎರಡು ಗೋಡೆಗಳನ್ನು ಕೈಬಿಟ್ಟೆವು. ಇಡೀ ಕೆಲಸದಲ್ಲಿ ಅತಿ ದೊಡ್ಡ ಉಳಿತಾಯವಾದದ್ದು ಅದೇ.

ಗೋಡೆಗಳಿಗೆ 8 ಅಡಿ ಎತ್ತರ, 4 ಅಡಿ ಅಗಲದ ಫ್ಲಾಟ್‌ಗಳನ್ನು ಮಾಡಿದೆವು. 3 ಅಂಗುಲ ಅಗಲ, 1 ಅಂಗುಲ ದಪ್ಪದ ಪಟ್ಟಿಗಳನ್ನು ಜೋಡಿಸಿ, ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಅಳೆದು, ಎರಡೂ ಅಳತೆ ಸಮನಾದ ಮೇಲಷ್ಟೇ ಮೂಲೆಗಳಿಗೆ ತ್ರಿಕೋನದ ಪ್ಲೈವುಡ್ ತುಂಡು ಬಿಗಿದೆವು. ಬಟ್ಟೆ ಹಳೆಯ ಪರದೆಗಳದ್ದು. ಮೊದಲ ಫ್ಲಾಟಿಗೆ ಅದನ್ನು ತಮಟೆಯಂತೆ ಬಿಗಿದಿದ್ದೆ. ನೀರು ಬೆರೆಸಿದ ಅಂಟು ಬಳಿದ ಮೇಲೆ ಬಟ್ಟೆ ಒಣಗುತ್ತ ಕುಗ್ಗಿ, ಮಧ್ಯದಲ್ಲಿ ಚೌಕಟ್ಟೇ ಒಳಕ್ಕೆ ಬಾಗಿತು. ಮುಂದಿನವುಗಳಿಗೆ ಬಟ್ಟೆಯನ್ನು ತುಸು ಸಡಿಲವಾಗಿಯೇ ಹೊದಿಸಿದೆವು.

ನಟರು ಹತ್ತಿ ನಿಲ್ಲುವ ಎತ್ತರದ ಕಟ್ಟೆಗಳಲ್ಲಿ, ಅಂದರೆ ಲೆವೆಲ್‌ಗಳಲ್ಲಿ, ಮಾತ್ರ ಕೈ ಬಿಗಿಹಿಡಿಯಲಿಲ್ಲ. 18 ಮಿ.ಮೀ. ಪ್ಲೈವುಡ್, ಅದರಡಿ 2 ಅಡಿಗೊಂದು ಅಡ್ಡಪಟ್ಟಿ, ಬೋಲ್ಟ್ ಹಾಕಿದ ಕಾಲುಗಳು; ಹೆಜ್ಜೆಯ ಸದ್ದು ಮಾತನ್ನು ನುಂಗದಂತೆ ಮೇಲೆ ಹಳೆಯ ಜಮಖಾನೆಯ ಹೊದಿಕೆ.

ನನಗೆ ಹೆಚ್ಚು ಕಲಿಸಿದ್ದು ಬಾಗಿಲು. ಸಜ್ಜಿಕೆಯೊಂದಿಗಿನ ಮೊದಲ ತಾಲೀಮಿನಲ್ಲಿ ಮಗಳ ಪಾತ್ರಧಾರಿ ಸಿಟ್ಟಿನಿಂದ ಬಾಗಿಲು ಬಡಿದು ಒಳನಡೆದಾಗ ಇಡೀ ಗೋಡೆ ಅದುರಿ, ದೃಶ್ಯದ ಬಿಗಿಯೇ ಸಡಿಲಾಯಿತು. ಬಾಗಿಲನ್ನು ನೇರವಾಗಿ ಫ್ಲಾಟಿಗೇ ತೂಗುಹಾಕಿದ್ದು ನನ್ನ ತಪ್ಪು. ಆ ರಾತ್ರಿಯೇ ದಪ್ಪ ಮರದಲ್ಲಿ ಪ್ರತ್ಯೇಕ ಬಾಗಿಲವಾಡ ಕಟ್ಟಿ, ಅದರ ಎರಡೂ ಕಂಬಗಳ ಹಿಂದೆ ತ್ರಿಕೋನದ ಆಸರೆ ಕೊಟ್ಟು, ಆಸರೆಗಳ ಬುಡಕ್ಕೆ ಮರಳಿನ ಚೀಲ ಹೇರಿದೆವು. ಗೋಡೆಗೂ ವಾಡಕ್ಕೂ ನಡುವೆ ಬೆರಳಗಲದ ಸಂದು ಬಿಟ್ಟು, ವಾಡದ ಕಡೆ ಮಾತ್ರ ಮೊಳೆ ಹೊಡೆದ ತೆಳುಪಟ್ಟಿಯಿಂದ ಅದನ್ನು ಮುಚ್ಚಿದೆವು. ಮರುದಿನ ಆಕೆ ಅಷ್ಟೇ ಜೋರಾಗಿ ಬಾಗಿಲು ಬಡಿದಾಗ ಗೋಡೆಯ ಮೇಲಿದ್ದ ಫೋಟೊ ಕೂಡ ಅಲುಗಲಿಲ್ಲ.

ಬಣ್ಣ ಮೂರೇ ಡಬ್ಬಿ. ತಳಬಣ್ಣದ ಮೇಲೆ ಸ್ಪಂಜಿನಿಂದ ಇನ್ನೊಂದು ಛಾಯೆ ಒತ್ತಿ, ಹೆಚ್ಚುಕಡಿಮೆ ಒಣಗಿದ ಬ್ರಶ್ಶಿನಿಂದ ತಿಳಿಬಣ್ಣ ಎಳೆದಾಗ ಗೋಡೆಗೆ ವಯಸ್ಸು ಬಂತು. ಬುಡದಲ್ಲಿ ಗಾರೆ ಉದುರಿದಂತೆ ಕಾಣಲು ಬಣ್ಣಕ್ಕೆ ಮರದ ಹೊಟ್ಟು ಬೆರೆಸಿದೆವು. ಪಕ್ಕದಿಂದ ಬಿದ್ದ ಬೆಳಕು ಆ ಉಬ್ಬುತಗ್ಗನ್ನು ಎತ್ತಿ ತೋರಿಸಿತು. ಹಗಲಿನಲ್ಲಿ ಸರಿಯೆನಿಸಿದ ತಿಳಿಹಸಿರು ದೀಪದಡಿ ಬೂದಿಯಂತೆ ಕಂಡದ್ದರಿಂದ, ಬೆಳಕಿನವರನ್ನು ಕೂರಿಸಿಕೊಂಡೇ ಕೊನೆಯ ಪದರ ಹಚ್ಚಿದೆ. ಬಟ್ಟೆಗೆ ಬೆಂಕಿ ತಡೆಯುವ ದ್ರಾವಣ ಬಳಿಯುವುದರಲ್ಲಿ ಉಳಿತಾಯದ ಮಾತನ್ನೇ ಎತ್ತಬಾರದೆಂದು ನಾನು ಹಠ ಹಿಡಿದಿದ್ದೆ.

ಜೋಡಣೆಗೆ ಹೆಚ್ಚಾಗಿ ಸ್ಕ್ರೂ ಬಳಸಿದ್ದರಿಂದ, ಪ್ರದರ್ಶನ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ, ಫ್ಲಾಟ್‌ಗಳ ಬೆನ್ನಿಗೆ ಅಳತೆ ಬರೆದು ಒರಗಿಸಿಟ್ಟೆವು. ಮುಂದಿನ ನಾಟಕದಲ್ಲಿ ಆ ಬಾಗಿಲವಾಡವನ್ನು ಅರ್ಧಕ್ಕೆ ಕತ್ತರಿಸಿ ಕಿಟಕಿ ಮಾಡಿಕೊಂಡಿದ್ದೇವೆ.